ಜೂಡೊ ಸ್ಪರ್ಧೆಗೆ ಮೊದಲ ಸಲ ಇಳಿಯುವವರಿಗೆ ನಿಯಮಗಳ ಕೈಪಿಡಿ

ಜೂಡೊ ಕಲಿಯತೊಡಗಿ ಒಂದೆರಡು ಬೆಲ್ಟ್ ದಾಟಿ, ಇನ್ನು ಸ್ಪರ್ಧೆಗೆ ಹೆಸರು ಕೊಡೋಣ ಎಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯುಕೊ ಎಂಬ ಅಂಕ ಈಗ ಇದೆಯೇ ಇಲ್ಲವೇ? ಎದುರಾಳಿಯ ಕಾಲನ್ನು ಕೈಯಿಂದ ಹಿಡಿಯಬಹುದೇ? ಶಿದೊ ಎಂಬ ದಂಡ ಎಷ್ಟು ಬಿದ್ದರೆ ಸೋಲು? ಅಂಗಿಯ ತೋಳು ಗಿಡ್ಡವಾಗಿದ್ದರೆ ಆಡಲು ಬಿಡುವುದಿಲ್ಲವೇ? ಈ ಪ್ರಶ್ನೆಗಳು ಮತ್ತೆ ಮತ್ತೆ ಏಳುವುದಕ್ಕೆ ತಕ್ಕ ಕಾರಣವೂ ಇದೆ. ಅಂತರರಾಷ್ಟ್ರೀಯ ಜೂಡೊ ಒಕ್ಕೂಟವು ಒಂದು ಒಲಿಂಪಿಕ್ಸ್ ಮುಗಿದು ಮುಂದಿನದಕ್ಕೆ ಸಿದ್ಧತೆ ಆರಂಭವಾಗುವ ಹೊತ್ತಿಗೆ ನಿಯಮಗಳನ್ನು ಪರಿಷ್ಕರಿಸುತ್ತದೆ. ಹತ್ತು ವರ್ಷದ ಹಿಂದೆ ಕಲಿತವರು ಹೇಳುವುದು, ಹಳೆಯ ಪಂದ್ಯಗಳ ವಿಡಿಯೊದಲ್ಲಿ ಕಾಣುವುದು ಮತ್ತು ಈಗ ತೀರ್ಪುಗಾರರು ಕೊಡುವ ತೀರ್ಪು, ಈ ಮೂರೂ ಒಂದಕ್ಕೊಂದು ಹೊಂದದೇ ಇರುವುದು ಸಹಜ.

ಈ ಲೇಖನವು 2025ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳನ್ನು ಅನುಸರಿಸುತ್ತದೆ. ಓದುವಾಗ ಒಂದು ಎಳೆಯನ್ನು ಕೈಬಿಡಬೇಡಿ: ನೆಟ್ಟಗೆ ನಿಂತು, ಎದುರಾಳಿಯ ಅಂಗಿಯನ್ನು ಹಿಡಿದು, ಮನಃಪೂರ್ವಕವಾಗಿ ದಾಳಿ ಮಾಡಿ, ಹಿಡಿತ ತಪ್ಪದಂತೆ ಅವರನ್ನು ಬೆನ್ನಿನ ಮೇಲೆ ಬೀಳಿಸಬೇಕು ಎಂಬುದೇ ಜೂಡೊ ನಿಯಮಗಳೆಲ್ಲದರ ಮೂಲ. ಅಂಕವೂ ಇದನ್ನೇ ಅಳೆಯುತ್ತದೆ, ದಂಡವೂ ಇದನ್ನು ತಪ್ಪಿಸಿಕೊಳ್ಳುವವರಿಗೇ ಬೀಳುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿವರಗಳು ಬಾಯಿಪಾಠ ಮಾಡದೆಯೇ ನೆನಪಿನಲ್ಲಿ ಉಳಿಯುತ್ತವೆ.

ಹಂತ 1: ನಿಮ್ಮ ಸ್ಪರ್ಧೆಗೆ ಅನ್ವಯಿಸುವ ನಿಯಮ ಯಾವುದೆಂದು ತಿಳಿದುಕೊಳ್ಳಿ

ಹೆಸರು ನೋಂದಾಯಿಸುವ ಮೊದಲೇ ಆಯೋಜಕರ ಸುತ್ತೋಲೆಯನ್ನು ಪೂರ್ತಿ ಓದಿ. ಹಿರಿಯರ ವಿಭಾಗದಲ್ಲಿ ಪುರುಷರಿಗೂ ಮಹಿಳೆಯರಿಗೂ ಪಂದ್ಯದ ಅವಧಿ 4 ನಿಮಿಷ. ಕಿರಿಯ ಮಕ್ಕಳ ಸ್ಪರ್ಧೆಗಳಲ್ಲಿ ಅವಧಿ ಇದಕ್ಕಿಂತ ಕಡಿಮೆ ಇರಬಹುದು. ಕತ್ತು ಒತ್ತುವ ಪಟ್ಟುಗಳನ್ನೂ ಕೀಲು ತಿರುಚುವ ಪಟ್ಟುಗಳನ್ನೂ ಮಕ್ಕಳಿಗೆ ಪೂರ್ತಿಯಾಗಿ ನಿಷೇಧಿಸಿರುವುದೂ ಸಾಮಾನ್ಯ. ಕೆಡೆಟ್ ಎಂದರೆ 18 ವರ್ಷದೊಳಗಿನವರು, ಜೂನಿಯರ್ ಎಂದರೆ 21 ವರ್ಷದೊಳಗಿನವರು. ಈ ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ ಎಂಬುದನ್ನೂ ಸುತ್ತೋಲೆಯಲ್ಲಿಯೇ ನೋಡಿಕೊಳ್ಳಿ.

ಎಚ್ಚರಿಕೆ: ತರಬೇತಿಯಲ್ಲಿ ದಿನವೂ ಮಾಡುವ ಪಟ್ಟೊಂದು ನಿಮ್ಮ ವಯೋವರ್ಗದಲ್ಲಿ ನಿಷಿದ್ಧವಾಗಿರಬಹುದು. ಪಂದ್ಯದ ಬಿರುಸಿನಲ್ಲಿ ಕೈ ತಾನಾಗಿಯೇ ಅಭ್ಯಾಸದ ಕಡೆಗೆ ಹೋಗುತ್ತದೆ. ಆದ್ದರಿಂದ ಅಂತಹ ಪಟ್ಟನ್ನು ಸ್ಪರ್ಧೆಗೆ ಕೆಲವು ವಾರ ಮೊದಲೇ ಅಭ್ಯಾಸದಿಂದ ತೆಗೆದುಹಾಕುವುದು ಒಳ್ಳೆಯದು.

ಹಂತ 2: ತೂಕದ ವರ್ಗವನ್ನು ಆರಿಸಿಕೊಳ್ಳಿ

ಹಿರಿಯ ಪುರುಷರಿಗೆ 60, 66, 73, 81, 90, 100 ಕಿಲೊ ಎಂಬ ಮಿತಿಗಳೂ 100ಕ್ಕಿಂತ ಮೇಲ್ಪಟ್ಟ ವರ್ಗವೂ ಇವೆ. ಮಹಿಳೆಯರಿಗೆ 48, 52, 57, 63, 70, 78 ಕಿಲೊ ಮಿತಿಗಳೂ 78ಕ್ಕಿಂತ ಮೇಲ್ಪಟ್ಟ ವರ್ಗವೂ ಇವೆ. ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹಿಂದಿನ ದಿನ ತೂಕ ನೋಡುತ್ತಾರೆ. ಸ್ಪರ್ಧೆಯ ಬೆಳಿಗ್ಗೆ ಚೀಟಿ ಎತ್ತಿ ಆರಿಸಿದ ಕೆಲವರ ತೂಕವನ್ನು ಮತ್ತೊಮ್ಮೆ ನೋಡುತ್ತಾರೆ. ಆಗ ಅವರ ತೂಕ ತಮ್ಮ ವರ್ಗದ ಮಿತಿಗಿಂತ ಶೇ. 5ಕ್ಕಿಂತ ಹೆಚ್ಚಾಗಿರುವಂತಿಲ್ಲ. ನೀರು ಬಿಟ್ಟು, ಬೆವರಿಳಿಸಿ ತೂಕ ಇಳಿಸಿಕೊಂಡು ರಾತ್ರೋರಾತ್ರಿ ಮತ್ತೆ ಏರಿಸಿಕೊಳ್ಳುವ ಅಪಾಯಕರ ರೂಢಿಗೆ ಈ ನಿಯಮ ಕಡಿವಾಣ ಹಾಕುತ್ತದೆ.

ಮೊದಲ ಸ್ಪರ್ಧೆಗೆ ತೂಕ ಇಳಿಸಲೇಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಹಜ ತೂಕ ಯಾವ ವರ್ಗಕ್ಕೆ ಬರುತ್ತದೆಯೋ ಆ ವರ್ಗದಲ್ಲಿಯೇ ಆಡಿ. ನೀರಿನ ಕೊರತೆಯಿಂದ ಸೊರಗಿದ ದೇಹವು ಮೊದಲ ನಿಮಿಷದಲ್ಲೇ ಹಿಡಿತದ ಬಲ ಕಳೆದುಕೊಳ್ಳುತ್ತದೆ, ಹಿಡಿತವಿಲ್ಲದವನಿಗೆ ದಾಳಿಯೂ ಸಾಧ್ಯವಿಲ್ಲ.

ಹಂತ 3: ಜೂಡೊಗಿಯ ತಪಾಸಣೆಗೆ ಸಿದ್ಧರಾಗಿ

ಜೂಡೊಗಿ ಎಂದರೆ ದಪ್ಪ ನೇಯ್ಗೆಯ ಅಂಗಿ, ಪ್ಯಾಂಟು ಮತ್ತು ಬೆಲ್ಟ್ ಸೇರಿದ ಉಡುಪು. ಇಡೀ ಆಟ ನಡೆಯುವುದು ಈ ಅಂಗಿಯ ಹಿಡಿತದ ಮೇಲೆ. ಬಿಗಿಯಾದ, ಗಿಡ್ಡವಾದ ಅಥವಾ ಕಾಲರ್ ದಪ್ಪಗಿರುವ ಅಂಗಿ ತೊಟ್ಟವರಿಗೆ ಅನ್ಯಾಯದ ಲಾಭ ಸಿಗುವುದರಿಂದ ಅಳತೆಯ ಬಗ್ಗೆ ತೀರ್ಪುಗಾರರು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಪಂದ್ಯಕ್ಕೆ ಮೊದಲು ಹೆಸರು ಕರೆದವರು ಬಿಳಿ, ಎರಡನೆಯವರು ನೀಲಿ ಜೂಡೊಗಿ ತೊಡುತ್ತಾರೆ. ಸಣ್ಣ ಸ್ಪರ್ಧೆಗಳಲ್ಲಿ ಇಬ್ಬರೂ ಬಿಳಿಯಲ್ಲೇ ಆಡಿ, ಒಬ್ಬರು ಬೇರೆ ಬಣ್ಣದ ಪಟ್ಟಿಯನ್ನು ಹೆಚ್ಚುವರಿಯಾಗಿ ಕಟ್ಟಿಕೊಳ್ಳುವುದೂ ಉಂಟು.

ತಪಾಸಣೆ ನಡೆಯುವುದು ಹೀಗೆ. ಎರಡೂ ತೋಳುಗಳನ್ನು ಮುಂದಕ್ಕೆ, ಭುಜದ ಮಟ್ಟಕ್ಕೆ ಚಾಚಿ ನಿಲ್ಲಲು ಹೇಳುತ್ತಾರೆ. ಅಂಗಿಯ ತೋಳು ಮಣಿಕಟ್ಟಿನವರೆಗೆ ಬರಬೇಕು. ಬಳಿಕ ಸೊಕುತೇಕಿ ಎಂಬ ಅಳತೆಯ ಉಪಕರಣವನ್ನು ತೋಳಿನೊಳಕ್ಕೆ ಜಾರಿಸುತ್ತಾರೆ. ಅದು ಎಲ್ಲಿಯೂ ಸಿಕ್ಕಿಕೊಳ್ಳದೆ ಒಳಗೆ ಸರಿದರೆ ಅಗಲ ಸರಿಯಾಗಿದೆ ಎಂದು ಅರ್ಥ. ಕೈಗೂ ಬಟ್ಟೆಗೂ ನಡುವೆ 10ರಿಂದ 15 ಸೆಂಟಿಮೀಟರ್ ಸಡಿಲ ಇರಬೇಕು. ಅದೇ ಉಪಕರಣದಿಂದ ಕಾಲರಿನ ದಪ್ಪವನ್ನೂ ನೋಡುತ್ತಾರೆ. ಅದು 1 ಸೆಂಟಿಮೀಟರ್ ಮೀರುವಂತಿಲ್ಲ. ಅಂಗಿಯ ಎಡಭಾಗ ಬಲಭಾಗದ ಮೇಲೆ ಬಂದು ಎದೆಯ ಕೆಳಗೆ ಕನಿಷ್ಠ 20 ಸೆಂಟಿಮೀಟರ್ ಒಂದರ ಮೇಲೊಂದು ಕೂರಬೇಕು. ಕೆಳಗೆ ಅದು ಪೃಷ್ಠವನ್ನು ಮುಚ್ಚಬೇಕು. ಪ್ಯಾಂಟಿನ ಅಂಚು ಪಾದದ ಗಂಟಿಗಿಂತ 5 ಸೆಂಟಿಮೀಟರಿಗಿಂತ ಹೆಚ್ಚು ಮೇಲಿರಬಾರದು. ಬೆಲ್ಟ್ ಕಟ್ಟಿದ ನಂತರ ಗಂಟಿನಿಂದಾಚೆ ಎರಡೂ ತುದಿಗಳು 20ರಿಂದ 30 ಸೆಂಟಿಮೀಟರ್ ಉಳಿಯಬೇಕು.

ಮಹಿಳೆಯರು ಅಂಗಿಯೊಳಗೆ ಬಿಳಿಯ, ಗಿಡ್ಡ ತೋಳಿನ, ದುಂಡು ಕತ್ತಿನ ಟೀ ಶರ್ಟ್ ತೊಡಬೇಕು. ಪುರುಷರು ಒಳಗೆ ಏನೂ ತೊಡುವಂತಿಲ್ಲ. ಕೈಕಾಲಿನ ಉಗುರು ಕತ್ತರಿಸಿರಬೇಕು, ಉದ್ದ ಕೂದಲನ್ನು ಲೋಹವಿಲ್ಲದ ಬ್ಯಾಂಡಿನಿಂದ ಕಟ್ಟಿರಬೇಕು. ಉಂಗುರ, ಓಲೆ, ಸರ, ಮೂಗುತಿ ಯಾವುದೂ ಇರಬಾರದು. ಲೋಹದ ವಸ್ತು ಮೈಮೇಲಿದ್ದರೆ ಅದು ಹೊರಹಾಕುವಷ್ಟು ಗಂಭೀರ ತಪ್ಪು.

ಎಚ್ಚರಿಕೆ: ಹತ್ತಿಯ ಜೂಡೊಗಿ ಒಗೆದಾಗ ಕುಗ್ಗುತ್ತದೆ. ಕೊಂಡ ದಿನ ಸರಿಯಾಗಿದ್ದ ತೋಳು ಕೆಲವು ತಿಂಗಳಲ್ಲಿ ಮಣಿಕಟ್ಟಿನಿಂದ ಮೇಲೇರಿರುತ್ತದೆ. ಸ್ಪರ್ಧೆಯ ಹಿಂದಿನ ವಾರ, ಒಗೆದು ಒಣಗಿಸಿದ ಮೇಲೆ ಅಳತೆ ನೋಡಿ. ಸಾಧ್ಯವಾದರೆ ಇನ್ನೊಂದು ಜೊತೆಯನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಅಳತೆ ತಪ್ಪಿದ ಉಡುಪಿನಲ್ಲಿ ಅಂಕಣಕ್ಕೆ ಬಿಡುವುದಿಲ್ಲ, ಬದಲಾಯಿಸಲು ಓಡುವಾಗ ಮನಸ್ಸಿನ ಏಕಾಗ್ರತೆಯೆಲ್ಲ ಹಾಳಾಗುತ್ತದೆ.

ಹಂತ 4: ಅಂಕಣದ ಶಿಸ್ತು ಮತ್ತು ತೀರ್ಪುಗಾರರ ಮಾತು

ಸೆಣಸುವ ಜಾಗ ಕನಿಷ್ಠ 8 ಮೀಟರ್, ಗರಿಷ್ಠ 10 ಮೀಟರ್ ಬದಿಯ ಚೌಕ. ಸುತ್ತಲೂ ಬೇರೆ ಬಣ್ಣದ ಸುರಕ್ಷಾ ವಲಯ ಇರುತ್ತದೆ. ಒಳಗೆ ಬರುವಾಗ, ಪಂದ್ಯದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಬಾಗಿ ವಂದಿಸಬೇಕು. ಇದು ನಿಯಮದ ಭಾಗ.

ಪ್ರಪಂಚದ ಯಾವ ಮೂಲೆಯಲ್ಲಿಯೇ ಆಡಿದರೂ ತೀರ್ಪುಗಾರರ ಆದೇಶಗಳು ಜಪಾನಿ ಭಾಷೆಯಲ್ಲೇ ಇರುತ್ತವೆ. “ಹಜಿಮೆ” ಎಂದರೆ ಆರಂಭಿಸಿ. “ಮತೆ” ಎಂದರೆ ನಿಲ್ಲಿಸಿ. ಆಗ ತೀರ್ಪುಗಾರರು ಅಂಗೈಯನ್ನು ಸಮಯಪಾಲಕರ ಕಡೆಗೆ ತೋರಿಸಿ ಕೈ ಚಾಚುತ್ತಾರೆ. “ಸೊರೆ ಮಾದೆ” ಎಂದರೆ ಪಂದ್ಯ ಮುಗಿಯಿತು. “ಒಸಾಯೆಕೊಮಿ” ಎಂದರೆ ನೆಲಕ್ಕೆ ಒತ್ತಿಹಿಡಿದದ್ದು ಸಿಂಧುವಾಯಿತು, ಎಣಿಕೆ ಆರಂಭ. “ತೊಕೆತಾ” ಎಂದರೆ ಆ ಹಿಡಿತ ಬಿಟ್ಟುಹೋಯಿತು. ಅಂಕಣದಲ್ಲಿ ಒಬ್ಬ ತೀರ್ಪುಗಾರರಿದ್ದು, ದೊಡ್ಡ ಸ್ಪರ್ಧೆಗಳಲ್ಲಿ ಮೇಜಿನ ಬಳಿ ಕುಳಿತ ಸಹ ತೀರ್ಪುಗಾರರು ವಿಡಿಯೊ ನೋಡಿ ತೀರ್ಪನ್ನು ತಿದ್ದುತ್ತಾರೆ. ಕೊಟ್ಟ ಅಂಕ ಕೆಲವು ಕ್ಷಣಗಳ ಬಳಿಕ ಹಿಂದಕ್ಕೆ ಹೋದರೆ ವಿಚಲಿತರಾಗಬೇಡಿ. ತರಬೇತುದಾರರು ಮಾತನಾಡಬಹುದಾದದ್ದು ಮತೆ ಹೇಳಿದ ಬಿಡುವಿನಲ್ಲಿ ಮಾತ್ರ. ಆದ್ದರಿಂದ ಪಂದ್ಯ ನಡೆಯುತ್ತಿರುವಾಗ ಅವರ ಕಡೆಗೆ ತಿರುಗಿ ನೋಡುವುದರಿಂದ ಪ್ರಯೋಜನವಿಲ್ಲ.

ಎಚ್ಚರಿಕೆ: ಹೊಸಬರು ಅಂಕ ಕಳೆದುಕೊಳ್ಳುವ ಅತಿ ದೊಡ್ಡ ಕಾರಣವೆಂದರೆ, ಮತೆ ಹೇಳುವ ಮೊದಲೇ ತಾವಾಗಿ ನಿಲ್ಲಿಸುವುದು. ಗೆರೆ ದಾಟಿದೆವು ಎಂದೋ, ಎದುರಾಳಿ ತಪ್ಪು ಮಾಡಿದನೆಂದೋ ಕೈ ಸಡಿಲಿಸುತ್ತಾರೆ. ಒಳಗೆ ಆರಂಭವಾದ ದಾಳಿ ತಡೆಯಿಲ್ಲದೆ ಮುಂದುವರಿದು ಹೊರಗೆ ಮುಗಿದರೂ ಅದಕ್ಕೆ ಅಂಕ ಉಂಟು. ಒಳಗೆ ಆರಂಭವಾದ ಒತ್ತುಹಿಡಿತವೂ ಗೆರೆಯಾಚೆ ಜಾರಿದಾಗ ರದ್ದಾಗುವುದಿಲ್ಲ. ಮತೆ ಎಂಬ ಶಬ್ದ ಕಿವಿಗೆ ಬೀಳುವವರೆಗೂ ಸೆಣಸುತ್ತಲೇ ಇರಿ.

ಹಂತ 5: ಎಸೆತಕ್ಕೆ ಅಂಕ ಹೇಗೆ ಬರುತ್ತದೆ

ಈಗ ಇರುವುದು ಮೂರು ಅಂಕಗಳು: ಇಪ್ಪೊನ್, ವಾಜಾ-ಅರಿ, ಯುಕೊ. ಇವಕ್ಕಿಂತ ಕೆಳಗೆ ಕೊಕಾ ಎಂಬ ನಾಲ್ಕನೆಯದು ಇತ್ತು. 2008ರ ಬಳಿಕ ಅದನ್ನು ಕೈಬಿಟ್ಟರು. ಯುಕೊವನ್ನು 2017ರಲ್ಲಿ ತೆಗೆದುಹಾಕಿ 2025ರಲ್ಲಿ ಮರಳಿ ತಂದರು. ಹಳೆಯ ವಿಡಿಯೊ ನೋಡುವಾಗ ಆಗುವ ಗೊಂದಲದ ಮೂಲ ಇದೇ.

ಇಪ್ಪೊನ್ ಎಂದರೆ ಪೂರ್ಣ ಅಂಕ. ಅದು ಬಂದ ಕ್ಷಣವೇ ಪಂದ್ಯ ಮುಗಿಯುತ್ತದೆ. ತೀರ್ಪುಗಾರರು ಕೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತುತ್ತಾರೆ. ಇದಕ್ಕೆ ನಾಲ್ಕು ಗುಣಗಳು ಒಟ್ಟಿಗೆ ಕಾಣಬೇಕು: ಎದುರಾಳಿ ಬೆನ್ನಿನ ಮೇಲೆ ಬೀಳಬೇಕು, ಬೀಳುವಿಕೆಯಲ್ಲಿ ವೇಗವಿರಬೇಕು, ಬಲವಿರಬೇಕು, ಮತ್ತು ನೆಲ ಮುಟ್ಟುವವರೆಗೂ ಎಸೆದವರ ನಿಯಂತ್ರಣ ಉಳಿದಿರಬೇಕು. ಬೆನ್ನು ತಾಗದಿರಲೆಂದು ತಲೆ ಮತ್ತು ಕಾಲಿನ ಮೇಲೆ ಸೇತುವೆಯಂತೆ ಬಾಗಿ ಬಿದ್ದರೆ ಅದನ್ನೂ ಇಪ್ಪೊನ್ ಎಂದೇ ಎಣಿಸುತ್ತಾರೆ. ಹಾಗೆ ಬಿದ್ದವರ ಕತ್ತಿಗೆ ಭಾರಿ ಅಪಾಯವಿದೆ. ಆ ಅಪಾಯಕ್ಕೆ ಯಾರೂ ಮುಂದಾಗದಿರಲಿ ಎಂದೇ ಈ ನಿಯಮ ಮಾಡಿದ್ದಾರೆ, ಅದು ತೀರಾ ನ್ಯಾಯವಾದದ್ದು.

ಈ ಗುಣಗಳಲ್ಲಿ ಒಂದು ಕಡಿಮೆಯಾದರೆ, ಅಂದರೆ ಬೆನ್ನು ಪೂರ್ತಿ ತಾಗದೆ ದೇಹ ಪಕ್ಕೆಯ ಮೇಲೆ ಬಿದ್ದರೆ ಅಥವಾ ವೇಗ ಸಾಲದಿದ್ದರೆ, ಅದು ವಾಜಾ-ಅರಿ. ತೀರ್ಪುಗಾರರು ಕೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚುತ್ತಾರೆ, ಅಂಗೈ ಕೆಳಮುಖವಾಗಿರುತ್ತದೆ. ಒಬ್ಬರೇ ಎರಡು ವಾಜಾ-ಅರಿ ಗಳಿಸಿದರೆ ಅವು ಕೂಡಿ ಇಪ್ಪೊನ್ ಆಗುತ್ತದೆ, ಪಂದ್ಯ ಅಲ್ಲಿಗೆ ಮುಗಿಯುತ್ತದೆ. ವಾಜಾ-ಅರಿಗೂ ಸಾಲದ, ಆದರೆ ಪಕ್ಕೆಯ ಮೇಲ್ಭಾಗ ನೆಲಕ್ಕೆ ತಾಗುವಷ್ಟು ಫಲಕಾರಿಯಾದ ಎಸೆತಕ್ಕೆ ಯುಕೊ. ಆಗ ಚಾಚಿದ ಕೈ ದೇಹದಿಂದ ಓರೆಯಾಗಿ ಕೆಳಕ್ಕಿರುತ್ತದೆ. ಹೊಟ್ಟೆಯ ಮೇಲೆ ಅಥವಾ ಮೊಣಕಾಲಿನ ಮೇಲೆ ಬಿದ್ದರೆ ಯಾವ ಅಂಕವೂ ಇಲ್ಲ.

ಯುಕೊ ಎಷ್ಟೇ ಇದ್ದರೂ ಅವು ಕೂಡಿ ವಾಜಾ-ಅರಿ ಆಗುವುದಿಲ್ಲ. ಐದು ಯುಕೊ ಇದ್ದವರಿಗಿಂತ ಒಂದು ವಾಜಾ-ಅರಿ ಇದ್ದವರೇ ಮುಂದೆ. ವಾಜಾ-ಅರಿ ಸಮನಾಗಿದ್ದಾಗ ಮಾತ್ರ ಯುಕೊ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಒಂದು ಯುಕೊ ಗಳಿಸಿ ಅದನ್ನೇ ಕಾಯುತ್ತಾ ಕೂರುವ ಲೆಕ್ಕಾಚಾರ ಹೊಸಬರಿಗೆ ಹೇಳಿಸಿದ್ದಲ್ಲ.

ಹಂತ 6: ನೆಲದ ಮೇಲಿನ ಸೆಣಸಾಟ

ಎಸೆತದ ಬಳಿಕ ಅಂಕ ಬರಲಿ, ಬಾರದಿರಲಿ, ನೆಲದ ಮೇಲೆ ಮುಂದುವರಿಯಬಹುದು. ಇದಕ್ಕೆ ನೆ-ವಾಜಾ ಎಂದು ಹೆಸರು. ಇಲ್ಲಿ ಗೆಲ್ಲಲು ಮೂರು ದಾರಿಗಳಿವೆ.

ಮೊದಲನೆಯದು ಒತ್ತುಹಿಡಿತ. ಎದುರಾಳಿಯ ಬೆನ್ನು ನೆಲದ ಕಡೆಗಿದ್ದು, ನೀವು ಮೇಲಿನಿಂದ ಅಥವಾ ಪಕ್ಕದಿಂದ ನಿಯಂತ್ರಿಸುತ್ತಿರಬೇಕು, ನಿಮ್ಮ ಕಾಲು ಅವರ ಕಾಲುಗಳ ನಡುವೆ ಸಿಕ್ಕಿರಬಾರದು. ಎಣಿಕೆ ಆರಂಭವಾದ ಮೇಲೆ 5 ಸೆಕೆಂಡಿಗೆ ಯುಕೊ, 10 ಸೆಕೆಂಡಿಗೆ ವಾಜಾ-ಅರಿ, 20 ಸೆಕೆಂಡಿಗೆ ಇಪ್ಪೊನ್. ಈಗಾಗಲೇ ಒಂದು ವಾಜಾ-ಅರಿ ನಿಮ್ಮದಾಗಿದ್ದರೆ 10 ಸೆಕೆಂಡೇ ಸಾಕು. ಕೆಳಗೆ ಸಿಕ್ಕಿಕೊಂಡವರು ನೆನಪಿಡಬೇಕಾದ ಅತಿ ಮುಖ್ಯ ಸಂಗತಿಯೆಂದರೆ, ಮೇಲಿರುವವರ ಒಂದು ಕಾಲನ್ನು ನಿಮ್ಮ ಎರಡು ಕಾಲುಗಳಿಂದ ಕತ್ತರಿಯಂತೆ ಹಿಡಿದುಬಿಟ್ಟರೆ ಅಥವಾ ಹೊಟ್ಟೆಯ ಕಡೆಗೆ ಹೊರಳಿದರೆ ತೊಕೆತಾ ಹೇಳುತ್ತಾರೆ, ಎಣಿಕೆ ನಿಲ್ಲುತ್ತದೆ. ಮೇಲಿರುವವರನ್ನು ತಳ್ಳಿ ಎಬ್ಬಿಸಲು ಬಲವನ್ನೆಲ್ಲ ಸುರಿಯುವುದಕ್ಕಿಂತ, ಸೊಂಟ ಸರಿಸುತ್ತಾ ಅವರ ಹತ್ತಿರದ ಕಾಲನ್ನು ಹುಡುಕುವುದು ಬೇಗ ಫಲ ಕೊಡುತ್ತದೆ.

ಎರಡನೆಯದು ಕತ್ತು ಒತ್ತುವ ಪಟ್ಟು, ಮೂರನೆಯದು ಕೀಲು ಪಟ್ಟು. ಜೂಡೊದಲ್ಲಿ ಕೀಲು ಪಟ್ಟು ಮೊಣಕೈಗೆ ಮಾತ್ರ ಅನುಮತಿ ಪಡೆದಿದೆ. ಮೊಣಕಾಲು, ಪಾದದ ಗಂಟು, ಮಣಿಕಟ್ಟು, ಬೆರಳು ಯಾವುದನ್ನೂ ತಿರುಚುವಂತಿಲ್ಲ. ಬೆಲ್ಟಿನಿಂದ, ಅಂಗಿಯ ಕೆಳ ಅಂಚಿನಿಂದ ಅಥವಾ ಬರಿಯ ಬೆರಳುಗಳಿಂದ ಕತ್ತು ಒತ್ತುವುದೂ ತಪ್ಪು. ಎದುರಾಳಿ ಸೋಲೊಪ್ಪಿದರೆ ಅದು ಇಪ್ಪೊನ್. ಸೋಲೊಪ್ಪುವುದು ಹೇಗೆಂದರೆ, ಕೈಯಿಂದ ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಅಥವಾ ಹೆಚ್ಚು ಬಾರಿ ತಟ್ಟಬೇಕು. ಎರಡು ಕೈಯೂ ಸಿಕ್ಕಿಕೊಂಡಿದ್ದರೆ ಪಾದದಿಂದ ನೆಲ ತಟ್ಟಿ, ಅಥವಾ “ಮೈತಾ” ಎಂದು ಗಟ್ಟಿಯಾಗಿ ಹೇಳಿ.

ಎಚ್ಚರಿಕೆ: ಇನ್ನೊಂದು ಕ್ಷಣ ತಡೆಯಬಲ್ಲೆ ಎಂದು ತಟ್ಟದೇ ಇರುವ ಹಟ ಬೇಡ. ಮೊಣಕೈ ಪೂರ್ತಿ ನೀಳವಾದ ಮೇಲೆ ನೋವಿಗೂ ಗಾಯಕ್ಕೂ ನಡುವೆ ಅಂತರವೇ ಉಳಿಯುವುದಿಲ್ಲ. ಪಂದ್ಯ ಸೋತವರು ಮುಂದಿನ ವಾರ ಅಭ್ಯಾಸಕ್ಕೆ ಬರಬಹುದು, ಅಸ್ಥಿರಜ್ಜು ಹರಿದವರು ತಿಂಗಳುಗಟ್ಟಲೆ ಹೊರಗುಳಿಯುತ್ತಾರೆ.

ನೆಲದ ಮೇಲೆ ಪ್ರಗತಿ ಕಾಣದಿದ್ದರೆ ತೀರ್ಪುಗಾರರು ಬೇಗನೆ ಮತೆ ಹೇಳಿ ಇಬ್ಬರನ್ನೂ ಎಬ್ಬಿಸುತ್ತಾರೆ. ಹಾಗಾಗಿ ಇಲ್ಲಿ ನಿಧಾನಕ್ಕೆ ಅವಕಾಶ ಕಡಿಮೆ, ಪಟ್ಟಿನಿಂದ ಪಟ್ಟಿಗೆ ಸಾಗುತ್ತಿರುವುದು ಕಣ್ಣಿಗೆ ಕಾಣುವಂತಿರಬೇಕು.

ಹಂತ 7: ದಂಡ ಬೀಳದಂತೆ ಆಡುವುದು

ಮೊದಲ ಸ್ಪರ್ಧೆಗೆ ಸಿದ್ಧರಾಗುವವರು ಅತ್ಯಂತ ಎಚ್ಚರದಿಂದ ಓದಬೇಕಾದ ಭಾಗ ಇದು, ಏಕೆಂದರೆ ಎಸೆತದಿಂದ ಸೋಲುವುದಕ್ಕೆ ಎಲ್ಲರೂ ಮನಸ್ಸು ಗಟ್ಟಿಮಾಡಿಕೊಂಡು ಬಂದಿರುತ್ತಾರೆ, ಆದರೆ ದಂಡದಿಂದ ಸೋಲುವುದು ಅನೇಕರಿಗೆ ಅನಿರೀಕ್ಷಿತ.

ಶಿದೊ ಎಂದರೆ ಸಣ್ಣ ತಪ್ಪಿಗೆ ಕೊಡುವ ದಂಡ. ಮೂರನೆಯ ಶಿದೊ ಬಿದ್ದ ಕೂಡಲೇ ಅದು ಹನ್ಸೊಕು ಮಾಕೆ ಆಗುತ್ತದೆ, ಅಂದರೆ ನಿಯಮಭಂಗದಿಂದ ಸೋಲು. ಮೊದಲ ಎರಡು ಶಿದೊಗಳಿಂದ ಎದುರಾಳಿಗೆ ಅಂಕವೇನೂ ಸೇರುವುದಿಲ್ಲ.

ಹೊಸಬರಿಗೆ ಹೆಚ್ಚಾಗಿ ಶಿದೊ ತರುವುದು ನಿಷ್ಕ್ರಿಯತೆ. ಭಯದಿಂದ ತೋಳುಗಳನ್ನು ಮುಂದಕ್ಕೆ ಬಿಗಿಯಾಗಿ ಚಾಚಿ, ಸೊಂಟ ಬಗ್ಗಿಸಿ, ಎದುರಾಳಿ ಹತ್ತಿರ ಬಾರದಂತೆ ತಡೆಯುತ್ತಾ ನಿಲ್ಲುತ್ತಾರೆ. ಅದು ಅತಿರಕ್ಷಣೆಯ ನಿಲುವು, ಅದಕ್ಕೆ ದಂಡ ಖಚಿತ. ಹಿಡಿತ ಸಿಕ್ಕ ಮೇಲೆ ದಾಳಿ ಮಾಡದೇ ಕಾಲ ಕಳೆಯುವುದು, ಎದುರಾಳಿಗೆ ಹಿಡಿಯಲು ಬಿಡದೆ ಕಾಲರನ್ನು ಕೈಯಿಂದ ಮುಚ್ಚಿಕೊಳ್ಳುವುದು, ಅಂಗಿಯ ತೋಳಿನ ತುದಿಯೊಳಗೆ ಬೆರಳು ತೂರಿಸಿ ಹಿಡಿಯುವುದು ಇವೆಲ್ಲ ಇದೇ ಬಗೆಯ ತಪ್ಪುಗಳು. ಒಂದು ಕೈಯಲ್ಲಿ ತೋಳು, ಇನ್ನೊಂದರಲ್ಲಿ ಕಾಲರ್ ಹಿಡಿಯುವ ಮೂಲ ಹಿಡಿತವನ್ನೇ ನೆಚ್ಚಿಕೊಳ್ಳಿ. ಬೆಲ್ಟ್ ಹಿಡಿಯುವುದು, ಒಂದೇ ಬದಿಯಲ್ಲಿ ಎರಡೂ ಕೈಯಿಂದ ಹಿಡಿಯುವುದು ಮುಂತಾದ ಹಿಡಿತಗಳನ್ನು ದಾಳಿಗೆ ಸಿದ್ಧವಿದ್ದಾಗ ಮಾತ್ರ ಬಳಸಿ, ಹಿಡಿದುಕೊಂಡೇ ನಿಂತರೆ ಶಿದೊ ಬೀಳುತ್ತದೆ.

ಎರಡನೆಯದು ಸುಳ್ಳು ದಾಳಿ. ನಿಷ್ಕ್ರಿಯತೆಯ ದಂಡ ತಪ್ಪಿಸಿಕೊಳ್ಳಲು, ಎದುರಾಳಿಯ ಸಮತೋಲ ಕೆಡಿಸುವ ಪ್ರಯತ್ನವನ್ನೇ ಮಾಡದೆ ಮೊಣಕಾಲೂರಿ ಬೀಳುವುದು ತೀರ್ಪುಗಾರರ ಕಣ್ಣಿಗೆ ತಕ್ಷಣ ಬೀಳುತ್ತದೆ. ಮೂರನೆಯದು ಗೆರೆಯ ಸಂಗತಿ: ದಾಳಿಯಿಲ್ಲದೆ ಹೊರಗೆ ಕಾಲಿಟ್ಟು ಮರಳದೆ ಇದ್ದರೂ ಶಿದೊ, ಎದುರಾಳಿಯನ್ನು ಬೇಕೆಂದೇ ಹೊರಗೆ ತಳ್ಳಿದರೂ ಶಿದೊ. ಅಂಗಿಯನ್ನೂ ಬೆಲ್ಟನ್ನೂ ಪದೇ ಪದೇ ಬಿಚ್ಚಿ ಕಟ್ಟಿಕೊಂಡು ಉಸಿರು ಸುಧಾರಿಸಿಕೊಳ್ಳುವ ಉಪಾಯಕ್ಕೂ ಅದೇ ದಂಡ.

ಇನ್ನು ಕಾಲು ಹಿಡಿಯುವ ಪ್ರಶ್ನೆ. ಹಿಂದೆ ಕೈಯಿಂದ ಕಾಲು ಹಿಡಿದು ಕೆಡಹುವ ಪಟ್ಟುಗಳು ಜೂಡೊದಲ್ಲಿ ಧಾರಾಳವಾಗಿದ್ದವು. 2010ರಿಂದ ಅವುಗಳ ಮೇಲೆ ನಿರ್ಬಂಧ ಆರಂಭವಾಗಿ, 2013ರಲ್ಲಿ ನಿಂತು ಸೆಣಸುವಾಗ ಬೆಲ್ಟಿನ ಕೆಳಗೆ ಕೈಯಿಂದ ಹಿಡಿಯುವುದೇ ನಿಷೇಧವಾಯಿತು. ಈಗ ಅದಕ್ಕೆ ಶಿದೊ. ನಿಮ್ಮ ಕಾಲಿನಿಂದ ಎದುರಾಳಿಯ ಕಾಲನ್ನು ಕೊಕ್ಕೆ ಹಾಕುವುದು, ಗುಡಿಸುವುದು ಎಂದಿನಂತೆ ಸಿಂಧು. ನೆಲದ ಸೆಣಸಾಟಕ್ಕೆ ಇಳಿದ ಮೇಲೆ ಕಾಲನ್ನು ಕೈಯಿಂದ ಹಿಡಿಯುವುದಕ್ಕೂ ಅಡ್ಡಿಯಿಲ್ಲ. ಬೇರೆ ಶೈಲಿಯ ಕುಸ್ತಿಯಿಂದ ಬಂದವರು ಈ ಒಂದು ವಿಷಯದಲ್ಲಿ ವಿಶೇಷ ಅಭ್ಯಾಸ ಮಾಡಬೇಕು. ತಲೆ ತಗ್ಗಿಸಿ ಕಾಲಿಗೆ ನುಗ್ಗುವ ರೂಢಿ ಸುಲಭಕ್ಕೆ ಬಿಡುವುದಿಲ್ಲ.

ಕೆಲವು ತಪ್ಪುಗಳಿಗೆ ಶಿದೊಗಳ ಎಣಿಕೆಯೇ ಇಲ್ಲ, ನೇರವಾಗಿ ಹನ್ಸೊಕು ಮಾಕೆ. ಎಸೆಯುವಾಗ ತಾವೇ ತಲೆ ಮುಂದಾಗಿ ನೆಲಕ್ಕೆ ಧುಮುಕುವುದು, ಎದುರಾಳಿಯ ಕಾಲಿಗೆ ನಿಮ್ಮ ಕಾಲನ್ನು ಸುತ್ತಿ ಹಿಂದಕ್ಕೆ ಅವರ ಮೇಲೆ ಬೀಳುವ ಕವಾಜು-ಗಾಕೆ, ಎರಡು ಕಾಲುಗಳನ್ನು ಕತ್ತರಿಯಾಗಿಸಿ ನಿಂತವರನ್ನು ಕೆಡಹುವ ಕಾನಿ-ಬಸಾಮಿ, ನಿಂತಲ್ಲಿಯೇ ಎದುರಾಳಿಯ ಮೊಣಕೈಯನ್ನು ಕಂಕುಳಲ್ಲಿ ಸಿಕ್ಕಿಸಿ ನೇರವಾಗಿ ನೆಲಕ್ಕೆ ಬೀಳುವುದು, ಬೆನ್ನು ಕೆಳಗಾಗಿ ನೆಲದ ಮೇಲೆ ಬಿದ್ದಿರುವವರನ್ನು ಎತ್ತಿ ಮತ್ತೆ ನೆಲಕ್ಕೆ ಅಪ್ಪಳಿಸುವುದು ಇವುಗಳಲ್ಲಿ ಮುಖ್ಯವಾದವು. ಈ ಪಟ್ಟಿಯ ಒಂದೊಂದು ನಿಷೇಧವೂ ಕತ್ತು, ಮೊಣಕಾಲು ಅಥವಾ ಮೊಣಕೈಯನ್ನು ಕಾಪಾಡಲೆಂದೇ ಇದೆ. ಗೆಲುವಿನ ಆಸೆಗೆ ಇವನ್ನು ಗುಟ್ಟಾಗಿ ಪ್ರಯೋಗಿಸುವವರ ಜೊತೆ ಅಭ್ಯಾಸವನ್ನೂ ಮಾಡಬೇಡಿ.

ಹಂತ 8: ಸಮಬಲವಾದರೆ ಗೋಲ್ಡನ್ ಸ್ಕೋರ್

ನಾಲ್ಕು ನಿಮಿಷದ ಕೊನೆಗೆ ಅಂಕಗಳು ಸಮನಾಗಿದ್ದರೆ, ಯಾರಿಗೆ ಎಷ್ಟು ಶಿದೊ ಇದ್ದರೂ ಪಂದ್ಯ ಹೆಚ್ಚುವರಿ ಅವಧಿಗೆ ಹೋಗುತ್ತದೆ. ಅದಕ್ಕೆ ಸಮಯದ ಮಿತಿಯಿಲ್ಲ. ಮೊದಲು ಅಂಕ ಪಡೆದವರಿಗೆ, ಅದು ಬರಿಯ ಯುಕೊ ಆಗಿದ್ದರೂ ಸರಿ, ಗೆಲುವು. ಹಿಂದಿನ ಶಿದೊಗಳು ಹಾಗೆಯೇ ಮುಂದುವರಿಯುತ್ತವೆ. ಎರಡು ಶಿದೊ ಹೊತ್ತು ಈ ಹಂತಕ್ಕೆ ಬಂದವರು ಮೂರನೆಯದರ ಅಂಚಿನಲ್ಲಿಯೇ ಆಡುತ್ತಿರುತ್ತಾರೆ. ಆಗ ದಣಿವಾರಿಸಿಕೊಳ್ಳಲು ಹಿಂದೆ ಸರಿಯುವುದು ಅತ್ಯಂತ ಅಪಾಯದ ನಡೆ. ತರಬೇತಿಯಲ್ಲಿ ಆಗಾಗ ನಾಲ್ಕು ನಿಮಿಷ ಮೀರಿ ಆರು, ಏಳು ನಿಮಿಷದವರೆಗೆ ಸೆಣಸಿ ಅಭ್ಯಾಸ ಮಾಡಿಕೊಳ್ಳಿ.

ಹಂತ 9: ಗಾಯ, ಬಿಡುವು ಮತ್ತು ಮುಂದಿನ ಸುತ್ತು

ರಕ್ತ ಬಂದರೆ ಪಂದ್ಯ ನಿಲ್ಲಿಸಿ ಪಟ್ಟಿ ಕಟ್ಟಿಸುತ್ತಾರೆ. ಅದೇ ಗಾಯಕ್ಕೆ ಎರಡು ಬಾರಿ ಮಾತ್ರ ಚಿಕಿತ್ಸೆ. ಮೂರನೆಯ ಸಲ ರಕ್ತ ಬಂದರೆ ಪಂದ್ಯ ಎದುರಾಳಿಗೆ ಹೋಗುತ್ತದೆ. ಸರಿಯಾಗಿ ಕತ್ತರಿಸದ ಉಗುರು ಎಷ್ಟು ದುಬಾರಿಯಾಗಬಲ್ಲದು ಎಂಬುದು ಆಗ ತಿಳಿಯುತ್ತದೆ.

ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ 10 ನಿಮಿಷದ ಬಿಡುವು ಸ್ಪರ್ಧಿಯ ಹಕ್ಕು. ಆ ಹೊತ್ತಿನಲ್ಲಿ ಅಂಗಿಯನ್ನು ಸಡಿಲಿಸಿ ನೀರು ಕುಡಿಯಿರಿ, ಆದರೆ ಅಂಕಣದ ಹತ್ತಿರವೇ ಇರಿ. ಹೆಸರು ಕರೆದಾಗ ಬಾರದಿದ್ದರೆ ಎದುರಾಳಿ ಸೆಣಸದೆಯೇ ಗೆಲ್ಲುತ್ತಾರೆ. ಅಂಕಣದಿಂದಾಚೆ ಬರಿಗಾಲಿನಲ್ಲಿ ಓಡಾಡಬೇಡಿ, ಚಪ್ಪಲಿ ಹಾಕಿಕೊಳ್ಳಿ.

ಸೋತ ಕೂಡಲೇ ಚೀಲ ಕಟ್ಟಿ ಹೊರಡುವುದು ಕೊನೆಯ ಸಾಮಾನ್ಯ ತಪ್ಪು. ಜೂಡೊದಲ್ಲಿ ರೆಪೆಶಾಜ್ ಎಂಬ ಮರು ಅವಕಾಶದ ಸುತ್ತು ಇದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕ್ವಾರ್ಟರ್ ಫೈನಲ್ ಸೋತ ನಾಲ್ವರು ಪರಸ್ಪರ ಸೆಣಸುತ್ತಾರೆ. ಅವರಲ್ಲಿ ಗೆದ್ದವರು ಸೆಮಿಫೈನಲ್ ಸೋತವರೊಂದಿಗೆ ಆಡಿ, ಎರಡು ಕಂಚಿನ ಪದಕಗಳನ್ನು ನಿರ್ಧರಿಸುತ್ತಾರೆ. ಸಣ್ಣ ಸ್ಪರ್ಧೆಗಳಲ್ಲಿ ಈ ಅವಕಾಶ ಇನ್ನೂ ಹೆಚ್ಚು ಜನರಿಗೆ ಸಿಗಬಹುದು, ಕೆಲವೆಡೆ ಪ್ರತಿಯೊಬ್ಬರೂ ಎಲ್ಲರೊಂದಿಗೆ ಆಡುವ ಪದ್ಧತಿಯೂ ಇರುತ್ತದೆ. ನಿಮ್ಮ ವರ್ಗದ ಪಟ್ಟಿಯನ್ನು ಮೇಜಿನ ಬಳಿ ನೋಡಿ, ಇನ್ನು ಪಂದ್ಯವಿಲ್ಲವೆಂದು ಅಲ್ಲಿನವರಿಂದ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಜೂಡೊಗಿ ಬಿಚ್ಚಿ.